ಅಳಿಸಿದ ಸುರುಳಿಗಳು

ಪರದೆಯ ಮೇಲಿನ ಗೆರೆ ಕಡ್ಡಿಯಷ್ಟು ನೇರವಾದ ಕೂಡಲೇ ನಿಯಂತ್ರಣ ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಡಾಕ್ಟರ್ ಯಶವಂತಿಯೂ ತಟ್ಟಿದಳು. ತನ್ನ ಕೆಲಸಕ್ಕೆ ತಾನೇ ಚಪ್ಪಾಳೆ ತಟ್ಟಿಕೊಳ್ಳುವುದು ಚೆಂದವಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ಬೆಳಗ್ಗೆಯಿಂದ ಆ ಗೋಜಲನ್ನು ನೋಡಿ ನೋಡಿ ಕಣ್ಣು ಉರಿದುಹೋಗಿತ್ತು, ಅದು ಬಿಚ್ಚಿಕೊಂಡದ್ದನ್ನು ಕಂಡು ಕೈ ಸುಮ್ಮನಿರಲಿಲ್ಲ.

"ಮೇಡಂ," ಎಂದ ಗಾಳಿಯ ಫಲಕದ ಮುಂದೆ ಕೂತಿದ್ದ ಚರಣ್. ಅವನೊಬ್ಬ ಮಾತ್ರ ಚಪ್ಪಾಳೆ ತಟ್ಟಿರಲಿಲ್ಲ. "ಕೆಳಗೆ ಗಾಳಿ ಸರಿ ಹೋಗ್ತಾ ಇಲ್ಲ. ಮುಕ್ಕಾಲು ಪಾಲು ಮಾತ್ರ ಹೋಗ್ತಾ ಉಂಟು."

"ಈಗ ತಾನೇ ಬಿಚ್ಚಿದ್ದಲ್ಲವಾ ಮಾರಾಯ? ಸ್ವಲ್ಪ ಹೊತ್ತು ಕೊಡು, ಸರಿಯಾಗ್ತದೆ."

ಚರಣ್ ಸುಮ್ಮನಾದ. ಫಲಕದ ಮುಳ್ಳು ಸುಮ್ಮನಾಗಲಿಲ್ಲ. ಅದು ಇಳಿಯುತ್ತಲೇ ಹೋಯಿತು.

'ಪಡುಗಾಳಿ' ಹಡಗು ಮಂಗಳೂರಿನ ದಡ ಕಾಣದಷ್ಟು ದೂರದ ಕಡಲಿನಲ್ಲಿ ಮೂರು ವಾರಗಳಿಂದ ಒಂದೇ ಜಾಗದಲ್ಲಿ ನಿಂತಿತ್ತು. ಅದರ ಕೆಳಗೆ, ನೂರು ಮೀಟರಿಗೂ ಹೆಚ್ಚು ಆಳದಲ್ಲಿ, ತಳದ ಬಂಡೆಗೆ ಬೋಲ್ಟು ಹಾಕಿ ಕೂರಿಸಿದ ಒಂದು ಉಕ್ಕಿನ ಗೂಡು. ಗೂಡಿನೊಳಗೆ ಇಬ್ಬರು. ಒಬ್ಬಳು, ಬಂಡೆಯ ಮೇಲೆ ಬೆಳೆಯುವ ಹವಳವನ್ನು ಅಭ್ಯಾಸ ಮಾಡಲು ಇಳಿದ ನಿರೀಕ್ಷಾ. ಇನ್ನೊಬ್ಬ, ಅರ್ಧ ಆಯುಷ್ಯವನ್ನು ನೀರಿನಡಿಯಲ್ಲೇ ಕಳೆದ ಮುಳುಗುಗಾರ ಲ್ಯಾನ್ಸಿ ಡಿಸೋಜ. ನಿರೀಕ್ಷಾ ಯಶವಂತಿಯ ಒಬ್ಬಳೇ ಮಗಳು.

ಹಡಗಿನಿಂದ ಗೂಡಿಗೆ ಇಳಿಯುವುದು ಒಂದೇ ಒಂದು ಕೊಳವೆ, ತೋಳಿನಷ್ಟು ದಪ್ಪ. ಉಸಿರಾಡುವ ಗಾಳಿ, ಕರೆಂಟು, ಮಾತು ಎಲ್ಲವೂ ಅದರೊಳಗೆ. ಕೆಲಸ ಮುಗಿದ ಮೇಲೆ ಗೂಡನ್ನು ಎತ್ತುವುದೂ ಅದರಿಂದಲೇ. ಹೊಕ್ಕುಳಬಳ್ಳಿಯನ್ನು ನೆನೆದು ಹಡಗಿನವರು ಅದನ್ನು 'ಬಳ್ಳಿ' ಎನ್ನುತ್ತಿದ್ದರು. ಅದಕ್ಕೆ ಒಂದು ವಿದ್ಯೆ ಗೊತ್ತಿತ್ತು. ತನ್ನ ಗಂಟನ್ನು ತಾನೇ ಬಿಚ್ಚಿಕೊಳ್ಳುವ ವಿದ್ಯೆ. ಅದನ್ನು ಕಲಿಸಿದವಳು ಯಶವಂತಿ.

ಹಗ್ಗವೇ ತನ್ನ ಸಿಕ್ಕನ್ನು ಬಿಡಿಸಿಕೊಂಡರೆ ಹೇಗಿರುತ್ತದೆ? ಬಹಳ ವರ್ಷಗಳ ಹಿಂದೆ ಅವಳಿಗೆ ಹೊಳೆದ ಪ್ರಶ್ನೆ ಇಷ್ಟೇ. ಗಂಟುಗಳ ಗಣಿತ ಓದಿದವರು ಹಗ್ಗವನ್ನು ಮುಟ್ಟುವುದಿಲ್ಲ, ಅದರ ನೆರಳನ್ನು ಕಾಗದದ ಮೇಲೆ ಬರೆಯುತ್ತಾರೆ. ಎಳೆಯೊಂದು ಇನ್ನೊಂದರ ಅಡಿಯಿಂದ ಹಾದುಹೋಗುವಲ್ಲಿ ಗೆರೆಯನ್ನು ಚೂರು ಕಡಿದು ತೋರಿಸುತ್ತಾರೆ. ಆಮೇಲೆ ಆ ಚಿತ್ರದ ಮೇಲೆ ಮೂರೇ ನಡೆಗಳು. ಒಂದು, ಎಳೆ ತನ್ನ ಮೇಲೆ ತಾನೇ ಮಡಚಿಕೊಂಡ ಸುರುಳಿಯನ್ನು ಅಳಿಸುವುದು. ಎರಡು, ಒಂದರ ಮೇಲೊಂದು ಬಿದ್ದ ಎರಡು ಎಳೆಗಳನ್ನು ಪಕ್ಕಕ್ಕೆ ಸರಿಸುವುದು. ಮೂರು, ಎರಡು ಎಳೆ ಕೂಡುವ ಜಾಗದ ಆಚೆಗೆ ಮೂರನೆಯ ಎಳೆಯನ್ನು ಜಾರಿಸುವುದು. ಬಿಚ್ಚಲು ಬರುವ ಯಾವ ಗೋಜಲನ್ನಾದರೂ ಈ ಮೂರರಿಂದಲೇ ಬಿಚ್ಚಬಹುದು. ಯಶವಂತಿ ಆ ನಡೆಗಳನ್ನು ಯಂತ್ರಕ್ಕೆ ಹೇಳಿಕೊಟ್ಟಳು. ಕೊಳವೆಯ ಹೊರಚರ್ಮದಲ್ಲಿ ಎರೆಹುಳದ ಮೈಯಂತೆ ಕುಗ್ಗಿ ಹಿಗ್ಗುವ ಪಟ್ಟಿಗಳನ್ನು ಇನ್ಯಾರೋ ಕೂರಿಸಿದರು. ಚಿತ್ರದಲ್ಲಿ ಗೆರೆ ಸರಿದಂತೆ ನೀರಿನಲ್ಲಿ ಬಳ್ಳಿ ತೆವಳತೊಡಗಿತು.

ನೋಡನೋಡುತ್ತಿದ್ದಂತೆ ಅದು ಊರೆಲ್ಲ ಹಬ್ಬಿತು. ಮೀನು ದೋಣಿಗಳು ತಂಗುವ ದಕ್ಕೆಯಲ್ಲಿ ಬಲೆಯ ಸಿಕ್ಕು ಬಿಡಿಸಲು ಕೂರುತ್ತಿದ್ದ ಹೆಂಗಸರು ಮೊದಲು ಶಾಪ ಹಾಕಿದರು, ಆಮೇಲೆ ಮೀನು ಒಣಗಿಸುವ ಕೆಲಸಕ್ಕೆ ಹೋದರು. ದೋಣಿಯ ಹಗ್ಗ, ಬಟ್ಟೆ ಒಣಹಾಕುವ ಹಗ್ಗ, ಗಿಡಕ್ಕೆ ನೀರು ಬಿಡುವ ಪೈಪು, ಎಲ್ಲ ಅದೇ ಜಾತಿಯದು ಬಂತು. ಎಲ್ಲದರ ಮೈಮೇಲೂ ಉದ್ದಕ್ಕೆ ಒಂದು ನೀಲಿ ಗೆರೆ. ಅಸಲಿ ಮಾಲು ಎಂಬುದಕ್ಕೆ ಗುರುತು ಅಷ್ಟೆ, ಬೇರೆ ಏನೂ ಅಲ್ಲ ಎಂದು ಎಲ್ಲರೂ ತಿಳಿದಿದ್ದರು.

ಯಶವಂತಿಯ ಮನೆಯಲ್ಲೂ ಅಂಥದೊಂದು ಪೈಪು ಇತ್ತು. ಅವಳ ಗಂಡ ಪುಷ್ಪರಾಜ ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಮನೆಯ ಟೆರೇಸಿನ ಮೇಲೆ ಕುಂಡಗಳಲ್ಲಿ ಮಲ್ಲಿಗೆ ಬೆಳೆಸುತ್ತಿದ್ದ. ನಡುವೆ ತುಳಸಿ, ಸುತ್ತ ಮಲ್ಲಿಗೆ. ಬೆಳಿಗ್ಗೆ ಸಂಜೆ ಪೈಪು ಹಿಡಿದು ತುಳಸಿಯನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂದರೆ ನೀರೂ ಆಯಿತು, ಪ್ರದಕ್ಷಿಣೆಯೂ ಆಯಿತು ಎಂಬುದು ಅವನ ಲೆಕ್ಕ.

ಮಗಳು ಕಡಲಿಗೆ ಇಳಿಯುವ ಮುಂಚಿನ ಭಾನುವಾರ ಅವನು ಟೆರೇಸಿನಿಂದಲೇ ಕೂಗಿದ್ದ. "ಯಶವಂತೀ, ನಿನ್ನ ಪೈಪು ಪುನಃ ಸತ್ತಿತು!"

"ನಲ್ಲಿಯಿಂದ ತೆಗೆದು ಕೊಡವಿ ರೀ. ಎಲ್ಲರ ಮನೆಯಲ್ಲೂ ಹಾಗೇ ಮಾಡ್ತಾರೆ."

ಅದು ನಿಜವೇ. ವಾರಕ್ಕೊಮ್ಮೆ ಒಂದು ತುದಿ ಬಿಚ್ಚಿ ಜಾಡಿಸಿ ಕೊಡವಿದರೆ ಆ ಪೈಪುಗಳು ಮೊದಲಿನಂತಾಗುತ್ತಿದ್ದವು. ಹಗ್ಗದವರೂ ಬಲೆಯವರೂ ಅದನ್ನೇ ಮಾಡುತ್ತಿದ್ದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಚಾಪೆ ಕೊಡವುವುದಕ್ಕೆ ಯಾರಾದರೂ ಕಾರಣ ಕೇಳುತ್ತಾರೆಯೇ?

ಅವತ್ತು ಊಟಕ್ಕೆ ಕೋರಿ ರೊಟ್ಟಿ, ಗರಿಗರಿ ಅಕ್ಕಿರೊಟ್ಟಿಗೆ ಕೋಳಿ ಸಾರು. ಮಗಳು ನೀರಿಗೆ ಇಳಿಯುವುದು ಯಶವಂತಿಗೆ ಎಂದೂ ಇಷ್ಟವಿರಲಿಲ್ಲ. ಗಣಿತಕ್ಕೆ ಹೇಳಿ ಮಾಡಿಸಿದ ತಲೆ ಅದು, ಉಪ್ಪುನೀರಲ್ಲಿ ನೆನೆಸುತ್ತಿದ್ದಾಳೆ ಎಂದು ಅವಳ ಕೊರಗು.

"ಅಮ್ಮ ಎಲ್ಲದನ್ನೂ ಮೇಲಿಂದ ನೋಡ್ತಾಳೆ ಅಪ್ಪ," ಎಂದಳು ನಿರೀಕ್ಷಾ ರೊಟ್ಟಿ ಮುರಿಯುತ್ತ. "ನಾನು ಕೆಳಗಿಂದ ನೋಡ್ತೇನೆ. ಅದಕ್ಕೇ ನಮ್ಮಿಬ್ಬರಿಗೆ ಯಾವತ್ತೂ ಒಂದೇ ಥರ ಕಾಣುದಿಲ್ಲ."

"ಕಾಗದದಲ್ಲಿ ನೋಡಿದ್ರೆ ಮೇಲೆ ಕೆಳಗೆ ಅಂತ ಇರುದಿಲ್ಲ," ಎಂದಿದ್ದಳು ಯಶವಂತಿ.

"ಕಾಗದಕ್ಕೆ ಉಸಿರಾಡ್ಲಿಕ್ಕೆ ಇಲ್ಲವಲ್ಲ ಅಮ್ಮ."

ಪುಷ್ಪರಾಜ ನಕ್ಕು ಇಬ್ಬರ ತಟ್ಟೆಗೂ ಸಾರು ಬಡಿಸಿದ್ದ.

ಈಗ ಹಡಗಿನಲ್ಲಿ ಮುಳ್ಳು ಅರ್ಧಕ್ಕೆ ಬಂದಿತ್ತು.

ಕ್ಯಾಪ್ಟನ್ ಇಮ್ತಿಯಾಝ್ ಕೋಣೆಗೆ ಬಂದು ಬಾಗಿಲಲ್ಲೇ ನಿಂತ. ಉಳ್ಳಾಲದವನು, ಮಾತು ಕಡಿಮೆ. "ಲೀಕಾ?"

"ಲೀಕ್ ಅಲ್ಲ ಸರ್," ಎಂದ ಚರಣ್. "ಲೀಕ್ ಆದ್ರೆ ಇಲ್ಲಿ ಪಂಪಿಗೆ ಭಾರ ಕಮ್ಮಿ ಆಗ್ಬೇಕು. ಇದು ಜಾಸ್ತಿ ಆಗಿದೆ. ಎಲ್ಲೋ ಹಿಚುಕಿದ ಹಾಗೆ ಉಂಟು."

"ಗಂಟು ಬಿದ್ದಿದೆಯಾ ಹಾಗಾದ್ರೆ?"

"ಒಂದೂ ಇಲ್ಲ!" ಯಶವಂತಿ ಪರದೆಯತ್ತ ಕೈ ಚಾಚಿದಳು. ಅವಳ ದನಿ ತನಗೇ ಗೊತ್ತಿಲ್ಲದಂತೆ ಏರಿತ್ತು. "ನೋಡಿ. ಮೇಲಿಂದ ಕೆಳವರೆಗೆ ನೇರ ಗೆರೆ. ಇಷ್ಟು ಸ್ವಚ್ಛವಾದ ಚಿತ್ರ ನಾನು ಈ ಮೂರು ವಾರದಲ್ಲಿ ನೋಡಿಲ್ಲ."

ಧ್ವನಿವರ್ಧಕ ಗುರುಗುಟ್ಟಿತು. ಅಷ್ಟು ಆಳದಲ್ಲಿ ಉಸಿರಾಡುವ ಗಾಳಿಗೆ ಹೀಲಿಯಂ ಬೆರೆಸಿರುತ್ತಾರೆ, ಅದರಿಂದ ದನಿ ಬಾತುಕೋಳಿಯಂತಾಗುತ್ತದೆ. ಹಡಗಿನವರು ಮೂರು ವಾರ ಅದಕ್ಕೆ ನಕ್ಕಿದ್ದರು. ಇವತ್ತು ಯಾರೂ ನಗಲಿಲ್ಲ.

"ಮೇಲೆ ಎಂತ ಮಾಡ್ತಾ ಇದ್ದೀರಿ?" ಲ್ಯಾನ್ಸಿಯ ಬಾತುಕೋಳಿ ದನಿ. "ಇಲ್ಲಿ ಗಾಳಿ ದಪ್ಪ ಆಗ್ತಾ ಉಂಟು. ಹುಡುಗಿಗೆ ತಲೆನೋವು ಶುರುವಾಗಿದೆ. ನಾನು ಮೀಸಲು ಸಿಲಿಂಡರ್ ತೆರೀತಾ ಇದ್ದೇನೆ."

"ಅದು ಎಷ್ಟು ಹೊತ್ತು ಬರ್ತದೆ ಲ್ಯಾನ್ಸಿ?" ಇಮ್ತಿಯಾಝ್ ಕೇಳಿದ.

"ಇಬ್ಬರೂ ಸುಮ್ಮನೆ ಮಲಗಿದ್ರೆ ಎರಡು ಗಂಟೆ. ಅದರ ಮೇಲೆ ದೇವರ ದಯೆ."

ಯಶವಂತಿ ಇರುವ ದಾರಿಗಳನ್ನು ಒಂದೊಂದಾಗಿ ಎಣಿಸಿದಳು. ಗೂಡಿನ ಬೋಲ್ಟು ಬಿಚ್ಚಲು ಅರ್ಧ ದಿನ ಬೇಕು. ಅವರೇ ಈಜಿ ಮೇಲೆ ಬರೋಣವೆಂದರೆ, ಅಷ್ಟು ಒತ್ತಡಕ್ಕೆ ಒಗ್ಗಿದ ಮೈ ಒಮ್ಮೆಲೇ ಮೇಲಕ್ಕೆ ಬಂದರೆ ರಕ್ತವೇ ಸೋಡಾದಂತೆ ನೊರೆಯೇಳುತ್ತದೆ. ಬಳ್ಳಿಯನ್ನು ಹಡಗಿನ ತುದಿಯಲ್ಲಿ ಬಿಚ್ಚುವಂತಿಲ್ಲ, ಆ ಕೀಲನ್ನು ಬಂದರಿನಲ್ಲಿ ಬೆಸೆದು ಕಳುಹಿಸಿದ್ದು. ಇರುವುದು ಇದೊಂದೇ ಕೊಳವೆ. ಅದರ ಎರಡೂ ತುದಿ ಭದ್ರವಾಗಿದ್ದವು.

ಅವಳು ಮಾಡುವುದನ್ನೆಲ್ಲ ಮಾಡಿದಳು. ಚಿತ್ರವನ್ನು ದೊಡ್ಡದು ಮಾಡಿ ಅಂಗುಲ ಅಂಗುಲ ನೋಡಿದಳು. ನೀರಿನಡಿಯ ಚಿತ್ರ ತೆಗೆಯುವ ಸೋನಾರ್ ತಪ್ಪಿರಬಹುದೆಂದು ಇನ್ನೊಂದು ಕಡೆಯಿಂದ ಮತ್ತೆ ತೆಗೆಸಿದಳು. ಗೆರೆ ನೇರವೇ ಇತ್ತು. ಅಷ್ಟು ನೇರವಾದ ಗೆರೆಯನ್ನು ಕಂಡು ಅವಳಿಗೆ ಮೈ ಉರಿಯಿತು.

ಮುಳ್ಳು ಅರ್ಧದಿಂದಲೂ ಕೆಳಗಿಳಿದಾಗ ಅವಳು ಹಡಗಿನ ಫೋನು ಎತ್ತಿ ಮನೆಗೆ ಮಾಡಿದಳು. ಯಾಕೆ ಮಾಡಿದಳೆಂದು ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ. ಮಗಳಿಗೆ ಏನಾದರೂ ಆದರೆ ಅವನಿಗೆ ಮೊದಲೇ ತಿಳಿದಿರಬೇಕು ಎಂದೋ, ಅಥವಾ ಅವನ ದನಿ ಕೇಳಬೇಕು ಎಂದೋ.

"ತಡಿ ಮಾರಾಯ್ತಿ, ಒಂದು ನಿಮಿಷ," ಎಂದ ಪುಷ್ಪರಾಜ ಏದುಸಿರು ಬಿಡುತ್ತ. "ನೀರು ಪುನಃ ನಿಂತಿದೆ. ಕೊಡವಿ ಬರ್ತೇನೆ."

"ರೀ, ಪೈಪು ಬಿಡಿ. ಇಲ್ಲಿ..." ಎಂದವಳ ಮಾತು ಅಲ್ಲೇ ನಿಂತಿತು. "ಈಗ ಎಂತ ಹೇಳಿದ್ರಿ? ನೀರು ನಿಂತಿದೆಯಾ? ಪೈಪಿನಲ್ಲಿ ಸಿಕ್ಕು ಉಂಟಾ?"

"ಅದೇ ತಮಾಷೆ. ಸಿಕ್ಕು ಇದ್ದಾಗ ಚೆನ್ನಾಗಿ ಬರ್ತದೆ. ನಾನು ಒಂದು ಸುತ್ತು ಹೋದಾಗ ಒಂದು ಸುರುಳಿ ಬೀಳ್ತದೆ, ನೀರು ಬರ್ತಾ ಇರ್ತದೆ. ಸ್ವಲ್ಪ ಹೊತ್ತಲ್ಲಿ ಅದೇ ತೆವಳಿ ನೇರ ಆಗ್ತದೆ. ದಿನಾ ದಿನಾ ನೇರ ಆಗಿ ಆಗಿ ಕಡೆಗೆ ನೀರು ನಿಲ್ತದೆ. ಈಗ ನೋಡು, ದೊಣ್ಣೆ ಹಾಗೆ ನೇರ ಬಿದ್ದಿದೆ, ಒಂದು ಹನಿ ಇಲ್ಲ."

ಯಶವಂತಿ ಫೋನನ್ನು ಕಿವಿಗೆ ಒತ್ತಿಕೊಂಡಳು. "ಆ ನೀಲಿ ಗೆರೆ... ಅದು ನೇರ ಉಂಟಾ?"

"ನೀಲಿ ಗೆರೆಯಾ? ಅದೆಲ್ಲಿ ನೇರ. ಪೈಪಿನ ಸುತ್ತ ಜಡೆ ಹೆಣೆದ ಹಾಗೆ ಸುತ್ತಿಕೊಂಡಿದೆ."

ಅವಳು ಕಣ್ಣು ಮುಚ್ಚಿದಳು. ಅಯ್ಯೋ ದೇವರೇ! ಇಪ್ಪತ್ತು ವರ್ಷ ಗಂಟುಗಳ ಜೊತೆ ಬದುಕಿ ತಾನು ಇದನ್ನು ನೋಡಲಿಲ್ಲವೇ? ಮೊದಲನೆಯ ನಡೆ. ಸುರುಳಿ ಅಳಿಸುವ ನಡೆ. ಕಾಗದದ ಮೇಲೆ ಅದು ಪುಕ್ಕಟೆ. ಗೆರೆಗೆ ದಪ್ಪವಿಲ್ಲ, ಮೈಯಿಲ್ಲ, ಸುರುಳಿ ಬಿಡಿಸಿದರೆ ಅದು ಇರಲೇ ಇಲ್ಲವೆಂಬಂತೆ ಹೋಗುತ್ತದೆ. ಆದರೆ ಮೈಯಿರುವ ಕೊಳವೆಯನ್ನು ಎರಡು ತುದಿ ಹಿಡಿದು ಸುರುಳಿ ನೇರ ಮಾಡಿದರೆ ಆ ಸುತ್ತು ಎಲ್ಲಿಗೂ ಹೋಗುವುದಿಲ್ಲ, ಕೊಳವೆಯ ಮೈಯೊಳಗೆ ತಿರುಚಾಗಿ ಕೂರುತ್ತದೆ. ಒದ್ದೆ ಬಟ್ಟೆ ಹಿಂಡಿದ ಹಾಗೆ. ಊರಿನವರು ವಾರಕ್ಕೊಮ್ಮೆ ತುದಿ ಬಿಚ್ಚಿ ಕೊಡವಿ ಆ ಹಿಂಡನ್ನು ಸಡಿಲಿಸುತ್ತಿದ್ದರು. ಅದರಿಂದಲೇ ಅವಳ ತಪ್ಪು ಇಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈ ಬಳ್ಳಿಗೆ ಕೊಡವಲು ಬಿಡಿ ತುದಿಯೇ ಇರಲಿಲ್ಲ. ಅವಳ ಯಂತ್ರ ಮೂರು ವಾರ ಸುರುಳಿ ಅಳಿಸಿ ಅಳಿಸಿ ಮಗಳ ಉಸಿರನ್ನು ಹಿಂಡಿತ್ತು.

"ರೀ, ಕೇಳಿ," ಎಂದಳು. "ನಲ್ಲಿಯಿಂದ ತೆಗೀಬೇಡಿ. ಪೈಪು ಹಿಡಿದು ಉಲ್ಟಾ ಸುತ್ತಿ. ತುಳಸಿಯನ್ನು ಎಡಕ್ಕಿಟ್ಟು. ಸುತ್ತುತ್ತಾ ಇರಿ, ನೀರು ಬರ್ತದಾ ಹೇಳಿ."

ಎಡಕ್ಕೆ ಸುತ್ತುವುದು ಸ್ಮಶಾನದಲ್ಲಿ ಮಾತ್ರ, ಅದು ಪುಷ್ಪರಾಜನಂಥ ಮನುಷ್ಯನಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಅಪ್ರದಕ್ಷಿಣೆಯಾ? ಮಗಳು ಕಡಲಡಿ ಇರುವಾಗ? ನಿಂಗೆ ತಲೆ ಸರಿ ಉಂಟಾ?"

"ಮಗಳ ಗಾಳಿ ನಿಲ್ತಾ ಉಂಟು ರೀ. ನಿಮ್ಮ ಪೈಪಿನ ಹಾಗೇ ಆಗಿದೆ."

ಅವನು ಫೋನನ್ನು ತುಳಸಿ ಕುಂಡದ ಪಕ್ಕ ಇಟ್ಟ ಸದ್ದು ಕೇಳಿಸಿತು. ಆಮೇಲೆ ಟೆರೇಸಿನ ಮೇಲೆ ಚಪ್ಪಲಿ ಎಳೆದು ನಡೆಯುವ ಸದ್ದು, ಹತ್ತಿರ, ದೂರ, ಮತ್ತೆ ಹತ್ತಿರ. ಕೋಣೆಯಲ್ಲಿ ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ದೂರದಿಂದ ಪುಷ್ಪರಾಜನ ಕೂಗು. "ಬಂತು! ನೀರು ಬಂತು ಯಶವಂತೀ!"

"ನಿಲ್ಲಿಸ್ಬೇಡಿ, ಸುತ್ತುತ್ತಾ ಇರಿ!" ಎಂದು ಕಿರುಚಿ ಅವಳು ಫೋನನ್ನು ಕಡಿಯದೆ ಹಾಗೇ ಕೆಳಗಿಟ್ಟಳು.

"ಕ್ಯಾಪ್ಟನ್," ಎಂದಳು ತಿರುಗಿ. "ಹಡಗು ಗಾಳಿಗೆ ಮುಖ ಮಾಡಿ ನಿಲ್ತದಲ್ಲ? ಈ ಮೂರು ವಾರದಲ್ಲಿ ಪೂರ್ತಿ ಸುತ್ತು ತಿರುಗಿದೆಯಾ?"

"ತಿರುಗದೆ ಎಂತ? ಲಂಗರು ಹಾಕಿದ್ರೆ ಹವಳಕ್ಕೆ ಏಟಾಗ್ತದೆ ಅಂತ ನೀವೇ ಬೇಡ ಹೇಳಿದ್ದು. ಎಂಜಿನ್ ಓಡಿಸಿಯೇ ಜಾಗ ಹಿಡಿದು ನಿಂತಿದ್ದೇವೆ, ಗಾಳಿ ತಿರುಗಿದ ಹಾಗೆ ಹಡಗು ತಿರುಗ್ತದೆ. ದಿನಕ್ಕೊಂದು ಸುತ್ತು, ಕೆಲವು ದಿನ ಎರಡು."

"ಯಾವ ಕಡೆಗೆ?"

ಇಮ್ತಿಯಾಝ್ ಹಣೆ ಉಜ್ಜಿಕೊಂಡ. "ಬಲಕ್ಕೂ ತಿರುಗಿದೆ, ಎಡಕ್ಕೂ ತಿರುಗಿದೆ. ಯಾವುದು ಹೆಚ್ಚು ಅಂದ್ರೆ ನಾನು ಖುರಾನ್ ಮುಟ್ಟಿ ಹೇಳ್ಲಿಕ್ಕೆ ಆಗುದಿಲ್ಲ. ಹಡಗು ಎಲ್ಲಿ ನಿಂತಿದೆ ಅಂತ ನೋಡಿದ್ದೇವೆ. ಎಷ್ಟು ಸುತ್ತು ಬಂತು ಅಂತ ಯಾರು ನೋಡ್ತಾರೆ? ಬಳ್ಳಿಯನ್ನು ನಿಮ್ಮ ಯಂತ್ರ ನೋಡಿಕೊಳ್ತದೆ ಅಂತ ಇದ್ದೆವು."

ಯಂತ್ರ ನೋಡಿಕೊಂಡಿತ್ತು. ಹಡಗು ಒಂದು ಸುತ್ತು ತಿರುಗಿದಾಗಲೆಲ್ಲ ಬಳ್ಳಿಯಲ್ಲಿ ಒಂದು ಸುರುಳಿ, ಯಂತ್ರ ಅದನ್ನು ಅಳಿಸಿದ್ದು, ಮೈಯಲ್ಲಿ ಒಂದು ತಿರುಚು. ಬಲಸುರುಳಿಯೋ ಎಡಸುರುಳಿಯೋ ಎಂಬುದನ್ನು ಯಂತ್ರ ನೆನಪಿಟ್ಟುಕೊಂಡಿರಲಿಲ್ಲ. 'ಇಲ್ಲದ್ದಕ್ಕೆ ಲೆಕ್ಕ ಯಾಕೆ' ಎಂದು ಅದನ್ನು ಹಾಗೆ ಬರೆದವಳು ಯಶವಂತಿಯೇ.

"ಸುರುಳಿಯನ್ನೇ ವಾಪಸ್ ಹಾಕಿದ್ರೆ?" ಎಂದ ಚರಣ್.

ಅವಳು ಯಂತ್ರಕ್ಕೆ ಹೇಳಿ ನೋಡಿದಳು. ಬಳ್ಳಿ ಮಿಸುಕಲಿಲ್ಲ. ತಿರುಚಿ ಬಿಗಿದುಹೋದ ಚರ್ಮದಲ್ಲಿ ಆ ಪಟ್ಟಿಗಳು ಮರಗಟ್ಟಿದ್ದವು.

"ಹಡಗನ್ನೇ ತಿರುಗಿಸ್ಬೇಕು," ಎಂದಳು. "ತಿರುಚಿದ್ದಕ್ಕೆ ಉಲ್ಟಾ. ಬಳ್ಳಿಯ ತುದಿ ಬಿಚ್ಚಲಿಕ್ಕೆ ಆಗದಿದ್ರೆ ತುದಿಯಲ್ಲಿರುವ ಹಡಗು ಸುತ್ತಲಿ."

"ತಪ್ಪು ಕಡೆಗೆ ತಿರುಗಿಸಿದ್ರೆ?"

"ಒಂದೋ ಎರಡೋ ಸುತ್ತಿಗೆ ಪೂರ್ತಿ ಮುಚ್ಚಿಕೊಳ್ತದೆ. ಮತ್ತೆ ಬಿಚ್ಚಿದ್ರೂ ಕೊಳವೆ ಅರಳುದಿಲ್ಲ."

ಬಳ್ಳಿಯ ಮೈಮೇಲಿನ ನೀಲಿ ಗೆರೆ ಯಾವ ಕಡೆಗೆ ಸುತ್ತಿದೆ ಎಂದು ನೋಡಿದರೆ ಸಾಕು, ಗೊತ್ತಾಗುತ್ತದೆ. ಆದರೆ ಹಡಗಿನ ಹತ್ತಿರ ಬಳ್ಳಿಗೆ ಉಜ್ಜಿ ಸವೆಯದಿರಲೆಂದು ಕಪ್ಪು ರಬ್ಬರಿನ ಕವಚ ತೊಡಿಸಿದ್ದರು, ಅದು ನೀರಿನಾಳದವರೆಗೂ ಇತ್ತು. ನೀಲಿ ಗೆರೆ ಕಾಣುವುದು ಒಂದೇ ಕಡೆ, ಗೂಡಿನ ಕಿಟಕಿಯ ಹೊರಗೆ.

ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಿರೀ. ನಿರೀಕ್ಷಾ. ಅಮ್ಮ ಮಾತಾಡುದು."

ಬಹಳ ಹೊತ್ತಿನ ಮೇಲೆ ಬಾತುಕೋಳಿ ದನಿ, ನಿದ್ದೆಗಣ್ಣಿನದು. "ಅಮ್ಮ... ತಲೆ ಸಿಡೀತದೆ."

"ಗೊತ್ತುಂಟು ಮಗಾ. ಒಂದೇ ಒಂದು ಕೆಲಸ ಮಾಡು. ಕಿಟಕಿಯಲ್ಲಿ ಬಳ್ಳಿ ಕಾಣ್ತದಲ್ಲ? ಅದರ ಮೇಲಿನ ನೀಲಿ ಗೆರೆ ಯಾವ ಕಡೆಗೆ ವಾಲಿಕೊಂಡು ಏರ್ತದೆ? ಎಡಕ್ಕಾ, ಬಲಕ್ಕಾ?"

"ಕಾಣ್ತದೆ... ಬಲ. ಅಲ್ಲ... ನಾನು ಮಲಗಿದ್ದೇನೆ ಅಮ್ಮ. ತಲೆ ಕಿಟಕಿ ಕಡೆ. ಉಲ್ಟಾ ಕಾಣ್ತದೆ. ನಂಗೆ ನನ್ನ ಎಡಗೈ ಯಾವುದು ಅಂತ ಗೊತ್ತಾಗ್ತಾ ಇಲ್ಲ."

ಬಿಟ್ಟ ಉಸಿರೇ ಗೂಡಿನಲ್ಲಿ ತುಂಬಿ ವಿಷಗಾಳಿಯಾಗಿ ತಲೆಗೇರಿದ ಲಕ್ಷಣ. ಎಡ ಬಲ ಕಲಸಿಹೋಗುತ್ತದೆ. ಲ್ಯಾನ್ಸಿಯನ್ನು ಕೇಳೋಣವೆಂದರೆ ಅವನು ಮಾತಾಡಿಯೇ ಬಹಳ ಹೊತ್ತಾಗಿತ್ತು. ಮಗಳನ್ನೇ ಇನ್ನಷ್ಟು ಕಾಡದೆ ಬೇರೆ ದಾರಿ ಇರಲಿಲ್ಲ. ಯಶವಂತಿ ದನಿ ಗಟ್ಟಿ ಮಾಡಿಕೊಂಡಳು.

"ಉಲ್ಟಾ ಕಂಡ್ರೂ ತೊಂದರೆ ಇಲ್ಲ ಮಗಾ. ತಿರುಪಿಗೆ ತಲೆ ಬುಡ ಇಲ್ಲ. ಸ್ಕ್ರೂ ತಲೆಕೆಳಗೆ ಮಾಡಿದ್ರೂ ಅದರ ತಿರುಪಿನ ಗೆರೆ ಅದೇ ಕಡೆಗೆ ವಾಲ್ತದೆ. ನೀನು ಕೆಳಗಿಂದ ನೋಡು, ನಾನು ಮೇಲಿಂದ ನೋಡ್ತೇನೆ, ಇದೊಂದು ನಮ್ಮಿಬ್ಬರಿಗೂ ಒಂದೇ ಥರ ಕಾಣ್ತದೆ." ಅವಳು ಮೈಕಿನ ಹತ್ತಿರಕ್ಕೆ ಬಾಗಿದಳು. "ಎಡ ಬಲ ಹೇಳ್ಬೇಡ. ನಾನು ಸೀರೆ ಉಟ್ಟು ನಿನ್ನ ಎದುರು ನಿಂತಿದ್ದೇನೆ ಅಂತ ನೆನೆಸಿಕೋ. ಎದೆ ಮೇಲೆ ಸೆರಗು ಓರೆಯಾಗಿ ಕಾಣ್ತದಲ್ಲ? ಗೆರೆ ನನ್ನ ಸೆರಗಿನ ಹಾಗೆ ಓರೆ ಉಂಟಾ? ಅಥವಾ ನಮ್ಮ ಬೀದಿಯ ಹಂಸಾಬೆನ್ ಸೆರಗಿನ ಹಾಗಾ?"

ಹಂಸಾಬೆನ್ ಅವರ ಬೀದಿಯ ಗುಜರಾತಿ ಹೆಂಗಸು. ಹಿಂದಿನಿಂದ ಬಲಭುಜದ ಮೇಲೆ ಸೆರಗು ತಂದು ಎದೆಯ ಮೇಲೆ ಹರಡಿಕೊಳ್ಳುತ್ತಿದ್ದಳು. ಸಣ್ಣವಳಿದ್ದಾಗ ನಿರೀಕ್ಷಾ ಅಮ್ಮನ ದುಪಟ್ಟಾವನ್ನು ಹಾಗೆ ಹಾಕಿಕೊಂಡು ಮನೆಯೆಲ್ಲ ಓಡಾಡಿದ್ದಳು.

ಧ್ವನಿವರ್ಧಕದಲ್ಲಿ ಬರೀ ಉಸಿರು. ಒಳಗೆ, ಹೊರಗೆ. ಇಮ್ತಿಯಾಝ್ ಚುಕ್ಕಾಣಿ ಕೋಣೆಯ ಫೋನು ಕೈಯಲ್ಲಿ ಹಿಡಿದು ಕಾಯುತ್ತಿದ್ದ.

"ಹಂಸಾಬೆನ್," ಎಂದಿತು ಬಾತುಕೋಳಿ ದನಿ.

"ಸರಿಯಾಗಿ ನೋಡಿದ್ಯಾ?"

"ಹಂಸಾಬೆನ್ ಅಮ್ಮ. ನಿನ್ನದಲ್ಲ. ಅವಳದ್ದೇ."

ಯಶವಂತಿ ಮೇಜಿನ ಮೇಲಿದ್ದ ಪೆನ್ನನ್ನು ಎತ್ತಿ ಹಿಡಿದು ಮನಸ್ಸಿನಲ್ಲೇ ಆ ಗೆರೆಯನ್ನು ಅದರ ಸುತ್ತ ಎಳೆದಳು. ತುದಿಯನ್ನು ಬಲಕ್ಕೆ ತಿರುಚಿದಾಗ ಬರುವ ಓರೆ ಅದು. ಇನ್ನೊಮ್ಮೆ ಎಳೆದಳು. ಮೂರನೆಯ ಸಲವೂ ಎಳೆದಳು. ಕೋಣೆಯಲ್ಲಿ ಯಾರೂ ಅವಸರ ಮಾಡಲಿಲ್ಲ.

"ಎಡಕ್ಕೆ," ಎಂದಳು. "ಹಡಗು ಎಡಕ್ಕೆ ಸುತ್ತಲಿ ಕ್ಯಾಪ್ಟನ್. ಅಪ್ರದಕ್ಷಿಣೆ."

ಚುಕ್ಕಾಣಿಯವನು ಫೋನಿನಲ್ಲಿ ಏನೋ ಗೊಣಗಿರಬೇಕು. ಇಮ್ತಿಯಾಝ್ ಗದರಿದ. "ಅಪಶಕುನವಾ? ಎಂಥ ಅಪಶಕುನ ಮಾರಾಯ! ನನ್ನ ಉಮ್ಮ ಮಕ್ಕಾದಲ್ಲಿ ಕಾಬಾ ಸುತ್ತಿ ಬಂದದ್ದು ಎಡಕ್ಕೇ. ನಮ್ಮಲ್ಲಿ ಅದೇ ಸರಿಯಾದ ಸುತ್ತು. ತಿರುಗಿಸು."

ಅಷ್ಟು ದೊಡ್ಡ ಹಡಗು ನಿಂತಲ್ಲೇ ತಿರುಗತೊಡಗಿತು. ಗಾಳಿಗೆ ಮುಖ ಕೊಟ್ಟು ನಿಂತಿದ್ದಾಗ ತಿಳಿಯದ ಅಲೆಗಳು ಈಗ ಪಕ್ಕೆಗೆ ಬಡಿದವು. ಮೇಜಿನ ಮೇಲಿನ ಲೋಟಗಳು ಉರುಳಿ ಬಿದ್ದವು. ಚರಣ್ ಫಲಕವನ್ನು ಎರಡೂ ಕೈಯಿಂದ ಹಿಡಿದುಕೊಂಡ. ಯಶವಂತಿ ಗೋಡೆಗೆ ಆತುಕೊಂಡು ಪರದೆಯನ್ನು ನೋಡಿದಳು. ಪರದೆಯ ಮೇಲೆ ಏನೂ ಆಗಲಿಲ್ಲ. ಅದೇ ಗೆರೆ, ಅಷ್ಟೇ ನೇರ. ಮಗಳು ಬದುಕುವುದೂ ಸಾಯುವುದೂ ಆ ಚಿತ್ರದಲ್ಲಿ ಕಾಣುವಂತಿರಲಿಲ್ಲ. ಅವಳು ಅದಕ್ಕೆ ಬೆನ್ನು ಹಾಕಿ ಚರಣನ ಬಳಿಗೆ ಹೋಗಿ ನಿಂತಳು.

ಮೊದಲ ಸುತ್ತಿಗೆ ಮುಳ್ಳು ಅಲುಗಲಿಲ್ಲ. ಎರಡನೆಯದಕ್ಕೆ ಇನ್ನೂ ಒಂದು ಕೂದಲೆಳೆ ಇಳಿಯಿತು.

"ಮೇಡಂ," ಎಂದ ಚರಣ್. ಅವನ ತುಟಿ ಬಿಳುಚಿತ್ತು. "ಇಳೀತಾ ಉಂಟು."

"ನೋಡಿದೆ."

"ಉಲ್ಟಾ ಮಾಡಿಸುದಾ?" ಇಮ್ತಿಯಾಝ್ ಕೇಳಿದ.

ಯಶವಂತಿ ಮುಳ್ಳಿನಿಂದ ಕಣ್ಣು ತೆಗೆಯಲಿಲ್ಲ. ಹುಡುಗಿ ಮಂಪರಿನಲ್ಲಿದ್ದಾಳೆ. ಎಡಗೈ ಯಾವುದೆಂದು ತಿಳಿಯದವಳು ಸೆರಗನ್ನು ಸರಿಯಾಗಿ ನೆನೆಸಿಕೊಂಡಾಳೇ? ತಪ್ಪಿದ್ದರೆ ಇನ್ನೊಂದು ಸುತ್ತಿಗೆ ಎಲ್ಲ ಮುಗಿಯಿತು. ತಾನು ಮಗಳ ಮಾತನ್ನು ಎಂದಾದರೂ ಒಂದೇ ಸಲಕ್ಕೆ ನಂಬಿದ್ದುಂಟೇ? ಇಲ್ಲ. ಒಂದು ಸಲವೂ ಇಲ್ಲ. ಅವಳು ಏನು ಹೇಳಿದರೂ ಅದರಲ್ಲೊಂದು ತಪ್ಪು ಹುಡುಕಿದ್ದೇ ಆಯಿತು.

"ಬೇಡ," ಎಂದಳು. "ಅವಳು ಹಂಸಾಬೆನ್ ಅಂದಿದ್ದಾಳೆ. ಎಡಕ್ಕೇ ಹೋಗಲಿ. ಮೇಲಿನ ತಿರುಚು ಬಿಚ್ಚಿ ಕೆಳಗಿನವರೆಗೆ ತಲುಪಲಿಕ್ಕೆ ಹೊತ್ತು ಬೇಕು."

ಹಡಗು ಮೂರನೆಯ ಸುತ್ತಿಗೆ ಹೊರಳಿತು. ಅಲೆಯೊಂದು ಪಕ್ಕೆಗೆ ಅಪ್ಪಳಿಸಿ ಕೋಣೆಯ ದೀಪಗಳು ಒಮ್ಮೆ ಕಣ್ಣು ಮುಚ್ಚಿ ತೆರೆದವು. ಚರಣ್ ಗಾಜಿನ ಮೇಲೆ ಬೆರಳಿಟ್ಟು ಮುಳ್ಳಿನ ತುದಿಯನ್ನು ಗುರುತು ಮಾಡಿಕೊಂಡಿದ್ದ. ಅವನು ಬೆರಳನ್ನು ತೆಗೆದ. ಮತ್ತೆ ಇಟ್ಟ.

"ಏರಿದೆ," ಎಂದ ಪಿಸುಮಾತಿನಲ್ಲಿ. ಆಮೇಲೆ ಕಿರುಚಿದ. "ಏರಿದೆ ಮೇಡಂ!"

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಡಗು ಸುತ್ತುತ್ತಲೇ ಇತ್ತು, ಮುಳ್ಳು ಸುತ್ತಿಗೊಂದಿಷ್ಟು ಏರುತ್ತಲೇ ಇತ್ತು. ಒಬ್ಬ ನಾವಿಕ ಬಕೆಟ್ಟಿಗೆ ವಾಂತಿ ಮಾಡಿಕೊಂಡ. ಹೊರಗೆ ಮಧ್ಯಾಹ್ನದ ಬಿಸಿಲು ಒಂದು ಕಿಟಕಿಯಿಂದ ಒಳಗೆ ಬಂದು ಎದುರಿನ ಕಿಟಕಿಯಿಂದ ಹೋಗಿ ಮತ್ತೆ ಬರುತ್ತಿತ್ತು. ಮುಕ್ಕಾಲು ದಾಟಿದಾಗ ಧ್ವನಿವರ್ಧಕದಲ್ಲಿ ಲ್ಯಾನ್ಸಿ ಕೆಮ್ಮಿದ, ಕೊಂಕಣಿಯಲ್ಲಿ ಯಾರಿಗೋ ಬೈದ. ಬೈಗುಳ ಅಷ್ಟು ಇಂಪಾಗಿ ಕೇಳಿಸಿದ್ದು ಆ ಹಡಗಿನವರಿಗೆ ಅದೇ ಮೊದಲು.

"ಅಮ್ಮ," ಎಂದಿತು ಬಾತುಕೋಳಿ ದನಿ. "ಗೆರೆ ನೇರ ಆಗ್ತಾ ಉಂಟು. ಸೆರಗೂ ಇಲ್ಲ, ಏನೂ ಇಲ್ಲ ಈಗ. ಸೀದಾ ಮೇಲೆ ಹೋಗ್ತದೆ."

"ಸಾಕು ಕ್ಯಾಪ್ಟನ್," ಎಂದು ಹೇಳಿ ಯಶವಂತಿ ಕುರ್ಚಿಯ ಮೇಲೆ ಕುಸಿದಳು. ಮುಖ ಮುಚ್ಚಿಕೊಂಡು ಅತ್ತಳು. ಅಳುವುದನ್ನು ಯಾರಾದರೂ ನೋಡಿಯಾರು ಎಂಬ ಪರಿವೆಯೂ ಅವಳಿಗಿರಲಿಲ್ಲ.

"ಅಮ್ಮ, ಅಳ್ತಾ ಇದ್ದೀಯಾ?"

"ಇಲ್ಲ. ನೀನು ಮಲಗು."

"ಅಪ್ಪನಿಗೆ ಗೊತ್ತುಂಟಾ?"

ಯಶವಂತಿ ತಟ್ಟನೆ ತಲೆ ಎತ್ತಿದಳು. ಫೋನು! ನಿಲ್ಲಿಸಬೇಡಿ ಎಂದು ಕಿರುಚಿ ಕೆಳಗಿಟ್ಟವಳು ಆಮೇಲೆ ಅದರ ಕಡೆ ತಿರುಗಿಯೂ ನೋಡಿರಲಿಲ್ಲ. ಎತ್ತಿ ಕಿವಿಗಿಟ್ಟಳು. ಲೈನು ಕಡಿದಿರಲಿಲ್ಲ. ಆ ಕಡೆಯಿಂದ ಚಪ್ಪಲಿ ಎಳೆದು ನಡೆಯುವ ಸದ್ದು, ಹತ್ತಿರ, ದೂರ, ಮತ್ತೆ ಹತ್ತಿರ. ಮೊದಲಿಗಿಂತ ಬಹಳ ನಿಧಾನ.

"ರೀ!" ಎಂದು ಕೂಗಿದಳು. "ರೀ, ಕೇಳ್ತದಾ?"

ಸದ್ದು ನಿಲ್ಲಲಿಲ್ಲ. ಫೋನು ತುಳಸಿ ಕುಂಡದ ಬಳಿ ಇತ್ತು, ಅವನು ಅದನ್ನು ಎತ್ತಿಕೊಳ್ಳಲು ಬರಲಿಲ್ಲ. ನಡೆಯುತ್ತಲೇ ಕೇಳಿದ, ದನಿ ಒಡೆದುಹೋಗಿತ್ತು. "ಸುತ್ತುತ್ತಾ ಇದ್ದೇನೆ ಯಶವಂತೀ. ನಿಲ್ಲಿಸ್ಲಿಲ್ಲ. ಒಂದು ಸಲ ಕೂಡ ನಿಲ್ಲಿಸ್ಲಿಲ್ಲ. ಮಗಳಿಗೆ ಗಾಳಿ ಹೋಗ್ತಾ ಉಂಟಾ?"

ಅವಳು ಚರಣನಿಗೆ ಸನ್ನೆ ಮಾಡಿದಳು. ಅವನು ಗುಂಡಿಯೊಂದನ್ನು ಒತ್ತಿ ಗೂಡಿನ ಮಾತನ್ನು ಫೋನಿಗೆ ಜೋಡಿಸಿದ.

"ಅಪ್ಪ," ಎಂದಿತು ಕಡಲ ತಳದ ಬಾತುಕೋಳಿ ದನಿ. "ಗಾಳಿ ಬಂತು. ಇನ್ನು ನಿಲ್ಲಿಸಿ ಅಪ್ಪ. ಕೂತುಕೊಳ್ಳಿ."

ಚಪ್ಪಲಿಯ ಸದ್ದು ನಿಂತಿತು. ಸಿಮೆಂಟಿನ ಮೇಲೆ ದೊಪ್ಪನೆ ಕೂತ ಸದ್ದು. ಬಿಸಿಲಿಗೆ ಒಣಗಿದ ಗಂಟಲಿನಿಂದ ಅವನು ಒಮ್ಮೆ ಬಿಕ್ಕಿದ, ಮೂಗು ಒರೆಸಿಕೊಂಡ, ಆಮೇಲೆ ಎಂದಿನ ದನಿಯಲ್ಲಿ ಹೇಳಿದ.

"ಪೈಪಿನಲ್ಲಿ ನೀರು ಪುನಃ ನಿಂತಿದೆ ಮಗಾ. ನಿನ್ನ ಅಮ್ಮನಿಗೆ ಹೇಳು, ಎಡಕ್ಕೆ ಸುತ್ತಿದ್ದು ಜಾಸ್ತಿ ಆಯ್ತು."